ಕೆಮ್ಮಿನ ಹಿಂದೆ ಬರುವ ಉತ್ತರ

ಗಂಟಲು ಮೇಷ್ಟ್ರ ಹತ್ತಿರ ಇಂಗ್ಲಿಷ್ ಕಲಿತು ಫೇಲಾದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಅವರ ಮನೆಯ ಮಹಡಿಗೆ ಹೋಗುವ ಮೆಟ್ಟಿಲ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಹಾಗೇ ಬರೆಸಿತ್ತು: ‘ಇಪ್ಪತ್ತೆರಡು ವರ್ಷ, ನೂರಕ್ಕೆ ನೂರು.’ ಒಂದು ಕಲ್ಲುಬೆಂಚು ತಂದು ಕೂರಿಸಿದರೂ ಆರು ತಿಂಗಳಲ್ಲಿ ಅದು ಇಂಗ್ಲಿಷ್ ಪಾಸು ಮಾಡಿ ಎದ್ದು ಹೋಗುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಪಾಠದ ಹೊತ್ತಿಗೆ ಕಿಟಕಿಯಲ್ಲಿ ಬಂದು ಕೂರುತ್ತಿದ್ದ ಬೆಕ್ಕಿಗೆ ಎರಡೇ ಅಂಕದಲ್ಲಿ ಮೊದಲ ದರ್ಜೆ ತಪ್ಪಿತು ಎಂಬ ಸುದ್ದಿಯೂ ಊರಲ್ಲಿತ್ತು. ಅದನ್ನು ಹಬ್ಬಿಸಿದವರೂ ಅವರೇ.

ಗುಟ್ಟೇನೂ ದೊಡ್ಡದಲ್ಲ. ಶಾಲೆಯ ಕೊನೆಯ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಭಾಗ ಓದಿ ಬರೆಯುವುದು, ಇನ್ನೊಂದು ಭಾಗ ಕೇಳಿ ಬರೆಯುವುದು. ಯಾರಾದರೊಬ್ಬರು ಒಂದು ಸಣ್ಣ ಕಥೆಯನ್ನು ಎರಡು ಸಲ ಗಟ್ಟಿಯಾಗಿ ಓದಬೇಕು. ಮಕ್ಕಳು ಕೇಳಿಸಿಕೊಂಡು ಹತ್ತು ಪ್ರಶ್ನೆಗೆ ಉತ್ತರ ಬರೆಯಬೇಕು. ಹಾಗೆ ಓದಲು ಪರೀಕ್ಷಾ ಕೇಂದ್ರದವರು ವರ್ಷಾ ವರ್ಷಾ ಕರೆಯುತ್ತಿದ್ದದ್ದು ಮೇಷ್ಟ್ರನ್ನೇ, ಏಕೆಂದರೆ ಅಂಥ ಗಂಟಲು ಇನ್ನೊಬ್ಬರಿಗಿರಲಿಲ್ಲ. ಅವರು ಮೊದಲ ಸಾಲು ಓದಿದರೆ ಆಚೆ ಬೀದಿಯ ಗ್ಯಾರೇಜಿನಲ್ಲಿ ಮೂರು ವಾರದಿಂದ ಕೆಟ್ಟು ನಿಂತ ಲಾರಿ ತಾನಾಗಿ ಸ್ಟಾರ್ಟ್ ಆಗುತ್ತಿತ್ತು. ಓದುತ್ತಾ ಓದುತ್ತಾ, ಉತ್ತರದ ಮಾತು ಬರುವ ಮುಂಚೆ, ಮೇಷ್ಟ್ರು ಒಂದು ಸಣ್ಣ ಕೆಮ್ಮು ಕೆಮ್ಮುತ್ತಿದ್ದರು. ಪಾಠದಲ್ಲೂ ಹಾಗೇ, ಪರೀಕ್ಷೆಯಲ್ಲೂ ಹಾಗೇ. ಕೆಮ್ಮಿನ ಹಿಂದೆ ಬಂದದ್ದನ್ನು ಬರೆದುಕೊಂಡವರು ಪಾಸು. ಅಷ್ಟೇ ವಿದ್ಯೆ.

ಈ ನೂರರ ಹೊರಗೆ ಉಳಿದುಹೋದವಳು ಮೇಷ್ಟ್ರ ಸ್ವಂತ ತಂಗಿ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಇಪ್ಪತ್ತೇಳು ವರ್ಷ ಸರ್ವೀಸು. ಅಲ್ಲಿ ಎಲ್ಲರಿಗೂ ಅವಳು ‘ಮಡಿಕೆ ಅಕ್ಕ’. ಅವಳು ಹಾಸಿಗೆ ಬಟ್ಟೆಯೊಂದನ್ನು ಗಾಳಿಗೆ ಒಮ್ಮೆ ಕೊಡವಿದರೆ ಸಾಕು, ಅದು ಕೆಳಗಿಳಿಯುವಷ್ಟರಲ್ಲಿ ಹೆದರಿ ತಾನೇ ಎಂಟು ಮಡಿಕೆಯಾಗಿ ಕಪಾಟಿಗೆ ಹೋಗಿ ಕೂರುತ್ತಿತ್ತು. ರಕ್ತದ ಕಲೆಗೆ ತಣ್ಣೀರು, ಎಣ್ಣೆಯ ಕಲೆಗೆ ಬಿಸಿನೀರು, ಆಪರೇಷನ್ ಕೋಣೆಯ ಹಸಿರು ಬಟ್ಟೆಗೆ ಬೇರೆ ಯಂತ್ರ, ಯಾವ ಬಟ್ಟೆಯನ್ನೂ ಜೇಬು ನೋಡದೆ ನೀರಿಗೆ ಹಾಕಬಾರದು: ಇಂಥವೆಲ್ಲ ಅವಳ ಬೆರಳ ತುದಿಯಲ್ಲಿದ್ದವು. ವಿಭಾಗದ ಮೇಲ್ವಿಚಾರಕಿ ನಿವೃತ್ತಳಾಗುವವಳಿದ್ದಳು. ಆ ಜಾಗಕ್ಕೆ ಇವಳಲ್ಲದೆ ಇನ್ಯಾರು ಎಂದು ಇಸ್ತ್ರಿ ಮಾಡುವ ರೋಲರಿಗೂ ಗೊತ್ತಿತ್ತು. ಆದರೆ ಆದೇಶದಲ್ಲಿ ಒಂದು ಸಾಲಿತ್ತು: ಶಾಲೆಯ ಕೊನೆಯ ಪರೀಕ್ಷೆ ಪಾಸಾಗಿರಬೇಕು.

ಹೋದ ವರ್ಷ ಖಾಸಗಿಯಾಗಿ ಕಟ್ಟಿ ಉಳಿದ ವಿಷಯಗಳನ್ನೆಲ್ಲ ಮುಗಿಸಿಕೊಂಡಿದ್ದಳು. ಇಂಗ್ಲಿಷ್ ಪರೀಕ್ಷೆಯ ದಿನ ವಾಂತಿಭೇದಿಯ ರೋಗಿಗಳು ತುಂಬಿ ಬಟ್ಟೆ ಬೆಟ್ಟವಾಗಿತ್ತು, ರಜೆ ಸಿಗಲಿಲ್ಲ. ಈ ಸಲ ಅದೊಂದು ಪಾಸಾದರೆ ಜಾಗ ಅವಳದು. ಆಗದಿದ್ದರೆ, ಜಾಗ ಯಾರಿಗೋಸ್ಕರವೂ ಇನ್ನೊಂದು ವರ್ಷ ಕಾಯುವುದಿಲ್ಲ.

ಹೀಗಾಗಿ ನಲವತ್ಮೂರರ ಮಡಿಕೆ ಅಕ್ಕ, ದಿನಾ ಸಂಜೆ ನಾಲ್ಕಕ್ಕೆ ಬ್ಲೀಚಿನ ವಾಸನೆಯ ಕೈಯಲ್ಲಿ ಪೆನ್ನು ಹಿಡಿದು, ಅಣ್ಣನ ಮಹಡಿಯ ಕೋಣೆಯಲ್ಲಿ, ಮೀಸೆ ಚಿಗುರುತ್ತಿದ್ದ ಹುಡುಗರ ಹಿಂದೆ ಕೊನೆಯ ಬೆಂಚಿನಲ್ಲಿ ಕೂರತೊಡಗಿದಳು.

“ಇದು ಕಾಪಿ ಹೊಡೆದ ಹಾಗಲ್ವೇನೋ ಅಣ್ಣ?” ಎಂದಳು ಮೊದಲ ದಿನ.

“ಕಾಪಿ ಅಲ್ಲ ಕಣೇ, ಕೆಮ್ಮು. ಕೆಮ್ಮಬಾರದು ಅಂತ ಯಾವ ಕಾನೂನಲ್ಲಿ ಬರೆದಿದೆ, ತೋರಿಸು.”

ತಮಾಷೆಯೆಂದರೆ ಅವಳಿಗೆ ಕೆಮ್ಮಿನ ಅಗತ್ಯವೇ ಇರಲಿಲ್ಲ. ಇಪ್ಪತ್ತೇಳು ವರ್ಷ ತಳ್ಳುಗಾಡಿ ತಳ್ಳಿಕೊಂಡು ವಾರ್ಡಿಂದ ವಾರ್ಡಿಗೆ ಹೋದವಳು. ಮೂಗಿನಲ್ಲಿ ಮಾತಾಡುವ ಡಾಕ್ಟರು, ಮಾತನ್ನು ಅರ್ಧ ನುಂಗುವ ಡಾಕ್ಟರು, ಬೇರೆ ದೇಶದಿಂದ ಬಂದು ನಾಲಿಗೆ ಉರುಳಿಸುವ ಡಾಕ್ಟರು, ಎಲ್ಲರೂ ಅವಳ ತಲೆಯ ಮೇಲೇ ಇಂಗ್ಲಿಷ್ ಆಡಿದ್ದರು. ಬಟ್ಟೆಯವಳಿಗೆ ಕಿವಿ ಇರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಓದುವುದೂ ಹಾಗೇ. ಸೋಪಿನ ದ್ರಾವಣದ ಕ್ಯಾನಿನ ಮೇಲಿನ ಸಣ್ಣಕ್ಷರವನ್ನು ಒಂದೊಂದೇ ಬಿಡಿಸಿ ಓದಿಕೊಂಡಿದ್ದಳು. ಈ ಎರಡನ್ನು ಬೆರೆಸಿದರೆ ವಿಷದ ಹೊಗೆ ಏಳುತ್ತದೆಂದು ಅಲ್ಲಿ ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಕೂಗಿ ಹೇಳಿ ಇಡೀ ಪಾಳಿಯವರನ್ನು ಉಳಿಸಿದವಳೂ ಅವಳೇ.

ಆದ್ದರಿಂದ ಪಾಠದಲ್ಲಿ ಅಣ್ಣ ಕೆಮ್ಮುವ ಮುಂಚೆಯೇ ಅವಳು ಉತ್ತರ ಬರೆದು ಪೆನ್ನು ಕೆಳಗಿಡುತ್ತಿದ್ದಳು. ಮೇಷ್ಟ್ರಿಗೆ ಮೈಯೆಲ್ಲ ಉರಿ.

“ನಾನಿನ್ನೂ ಕೆಮ್ಮೇ ಇಲ್ಲ, ನೀನು ಬರೆದಾಯ್ತಾ?”

“ಅರ್ಥ ಆಯ್ತಲ್ಲ ಅಣ್ಣ.”

“ಅರ್ಥ ಆಯ್ತು ಅಂತ ನಿನಗೆ ಅನ್ನಿಸತ್ತೆ ಅಷ್ಟೆ. ಬಟ್ಟೆ ಒಗೆಯೋಳಿಗೆ ಒಂದೇ ಸಲಕ್ಕೆ ಅರ್ಥ ಆಗೋ ಹಾಗಿದ್ರೆ ನಾನ್ಯಾಕೆ ಬೇಕು? ನಿನ್ನ ಕಿವಿ ನಂಬಬೇಡ, ನನ್ನ ಗಂಟಲು ನಂಬು.”

ಹುಡುಗರು ಮುಸಿಮುಸಿ ನಕ್ಕರು. ಅವಳ ಕಿವಿ ಕೆಂಪಗಾಯಿತು. ಓದುವ ಭಾಗಕ್ಕೂ ಇಂಥದ್ದೇ ಉಪದೇಶ: “ಪ್ಯಾರಾ ಪೂರ್ತಿ ಓದಿ ತಲೆ ಕೆಡಿಸ್ಕೋಬೇಡ. ಪ್ರಶ್ನೆಯಲ್ಲಿರೋ ಪದ ಎಲ್ಲಿದೆ ಹುಡುಕು, ಆ ಸಾಲು ಇಳಿಸು, ಮುಂದಕ್ಕೆ ಹೋಗು.” ನಾಲ್ಕು ತಿಂಗಳಲ್ಲಿ ಮಡಿಕೆ ಅಕ್ಕ ಕಥೆ ಕೇಳುವುದನ್ನು ಬಿಟ್ಟು ಕೆಮ್ಮು ಕಾಯುವುದನ್ನು ಕಲಿತಳು. ಆಗ ಅಣ್ಣ ಮೊದಲ ಸಲ ಬೆನ್ನು ತಟ್ಟಿದ. “ಈಗ ನೀನು ತಯಾರಾದೆ” ಎಂದ.

ಅಣ್ಣನ ಕೆಮ್ಮಿಗೂ ಅವಳಿಗೂ ಹಳೆಯ ಲೆಕ್ಕವೊಂದಿತ್ತು. ಅವಳು ಅದನ್ನು ಯಾರ ಮುಂದೂ ಬಿಚ್ಚಿದವಳಲ್ಲ.

ಅವರ ಅಮ್ಮನೂ ಅದೇ ವಿಭಾಗದಲ್ಲಿ ಕೆಲಸಕ್ಕಿದ್ದವಳು. ರೋಲರಿಗೆ ಕೈ ಸಿಕ್ಕಿ ಬೆರಳು ಹೋದಾಗ, ಮನೆಯಿಂದ ಒಬ್ಬರು ಆ ಜಾಗಕ್ಕೆ ಬಂದರೆ ಕೆಲಸ ಉಳಿಯುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಆಗ ಅಣ್ಣನಿಗೆ ಹದಿನೇಳು, ಇವಳಿಗೆ ಹದಿನಾರು. ಹಿಂದಿನ ವರ್ಷ ಫೇಲಾಗಿ ಅಣ್ಣ ತಂಗಿಯ ಕ್ಲಾಸಿಗೇ ಬಂದು ಕೂತಿದ್ದ. ಪರೀಕ್ಷೆಗೆ ಇನ್ನೊಂದೇ ತಿಂಗಳು. ದೊಡ್ಡವನು ತಾನೇ, ಅವನೇ ಹೋಗಲಿ ಎಂದು ಅಪ್ಪ ಹೇಳಿದ ರಾತ್ರಿಯಿಂದಲೇ ಅಣ್ಣನಿಗೆ ಕೆಮ್ಮು ಹತ್ತಿತು. ಎಂಥ ಕೆಮ್ಮು! ಹೆಂಚು ಜರುಗಿದವು, ಪಕ್ಕದ ಮನೆಯವರು ಗಂಟುಮೂಟೆ ಕಟ್ಟಿದರು. ಆ ಎದೆ ಇಟ್ಟುಕೊಂಡು ಹಬೆಯ ಕೋಣೆಯಲ್ಲಿ ನಿಂತರೆ ಹುಡುಗ ಉಳಿಯುವುದಿಲ್ಲ ಎಂದು ಅಮ್ಮ ಅತ್ತಳು. ಪುಸ್ತಕ ಮುಚ್ಚಿಟ್ಟು ತಂಗಿ ಹೋದಳು. ಅವಳು ಕೆಲಸಕ್ಕೆ ಸೇರಿದ ದಿನ ಸಂಜೆಗೇ ಅಣ್ಣನ ಕೆಮ್ಮು ನಿಂತಿತು. ಅಮ್ಮ ಅದನ್ನು ಕಷಾಯದ ಮಹಿಮೆ ಎಂದು ಸಾಯುವವರೆಗೂ ನಂಬಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಮಡಿಕೆ ಅಕ್ಕ ಕೇಳಿದಳು: “ಯಾಕೋ ಅಣ್ಣ, ನೀನಿನ್ನೂ ಕೋಟು ಹಾಕ್ಕೊಂಡಿಲ್ಲ?” ವರ್ಷಕ್ಕೊಮ್ಮೆ, ಓದಲು ಹೋಗುವ ದಿನ ಮಾತ್ರ ತೊಡುವ ಕಪ್ಪು ಕೋಟು ಅವನದು.

ಅಣ್ಣ ಗೋಡೆ ನೋಡಿದ. “ಬರ್ತೀನಿ, ನೀನು ನಡಿ. ಹೆದರಬೇಡ. ಎಲ್ಲಾ ನಾನು ಹೇಳಿಕೊಟ್ಟ ಹಾಗೇ ಇರತ್ತೆ.”

ಪರೀಕ್ಷೆಯ ಹಾಲಿನಲ್ಲಿ ಅಣ್ಣ ಇರಲಿಲ್ಲ. ಮೇಜಿನ ಮೇಲೆ ಒಂದು ಕಪ್ಪು ಸ್ಪೀಕರ್ ಪೆಟ್ಟಿಗೆ ಕೂತಿತ್ತು. ಪಕ್ಕದಲ್ಲಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ನೆಗಡಿಯಿಂದ ಕಣ್ಣು ಕೆಂಪಾಗಿದ್ದ ಮೇಲ್ವಿಚಾರಣೆಯ ಮೇಡಮ್ಮು. ಮೇಡಮ್ಮು ಗುಂಡಿ ಒತ್ತಿದರು. ಪೆಟ್ಟಿಗೆಯೊಳಗಿಂದ ಯಾವುದೋ ಹೆಂಗಸು ಸಲೀಸಾಗಿ ಮಾತಾಡತೊಡಗಿದಳು. ಒಬ್ಬಾಕೆ ಬಸ್ಸು ಹಿಡಿದು ಅಂಗಡಿಗೆ ಹೋಗುತ್ತಾಳೆ, ಅಕ್ಕನಿಗೊಂದು ಛತ್ರಿ ಕೊಳ್ಳುತ್ತಾಳೆ, ಕನ್ನಡಕವನ್ನು ಅಲ್ಲೇ ಮರೆತು ಬಂದು ಮತ್ತೆ ವಾಪಸು ಓಡುತ್ತಾಳೆ. ಇಷ್ಟೇ ಕಥೆ. ಮಡಿಕೆ ಅಕ್ಕನಿಗೆ ಒಂದೊಂದು ಮಾತೂ ತಿಳಿನೀರಿನ ಹಾಗೆ ಅರ್ಥವಾಯಿತು. ಕೈ ಮಾತ್ರ ಕಾಯುತ್ತಿತ್ತು.

‘ಸಿಸ್ಟರ್’ ಎಂಬ ಮಾತು ಬರುವ ಮುಂಚೆ ಮೇಡಮ್ಮು ಕೆಮ್ಮಿದರು.

ಮೂವತ್ತು ಪೆನ್ನುಗಳು ಒಟ್ಟಿಗೆ ಸರಕ್ಕೆಂದವು. ಆಕೆ ಅಂಗಡಿಗೆ ಹೋದದ್ದು ಯಾವುದರಲ್ಲಿ ಎಂಬ ಮೊದಲ ಪ್ರಶ್ನೆಗೆ ಮೂವತ್ತು ಮಕ್ಕಳು ‘ಸಿಸ್ಟರ್’ ಎಂದು ಬರೆದರು. ಊರಿಗೆ ಊರೇ ಅಕ್ಕನ ಬೆನ್ನೇರಿ ಪೇಟೆಗೆ ಹೋಯಿತು. ಮಡಿಕೆ ಅಕ್ಕ ಪೆನ್ನು ತಡೆದಳು. ಬಸ್ಸು ಎಂದು ಅವಳ ಕಿವಿ ಹೇಳುತ್ತಿತ್ತು. ಆದರೆ ಎಲ್ಲಾ ಹೇಳಿಕೊಟ್ಟ ಹಾಗೇ ಇರತ್ತೆ ಎಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದ್ದಾನಲ್ಲ. ಈ ಮೇಡಮ್ಮಿಗೂ ಅಣ್ಣ ಹೇಳಿಟ್ಟಿರಬೇಕು. ನಿನ್ನ ಕಿವಿ ನಂಬಬೇಡ. ಅವಳೂ ‘ಸಿಸ್ಟರ್’ ಎಂದು ಬರೆದಳು. ಮುಂದಿನ ಕೆಮ್ಮಿಗೆ ಮುಂದಿನ ಉತ್ತರ. ಎರಡನೇ ಸಲ ಹಾಕಿದಾಗ ಮೇಡಮ್ಮಿನ ನೆಗಡಿ ಬೇರೆ ಬೇರೆ ಕಡೆ ಕೆಮ್ಮಿಸಿತು. ಹಾಲಿನ ತುಂಬ ಹೊಡೆದು ಹಾಕಿ ಬರೆಯುವ ಸದ್ದು. ಪಾಪ, ಮೇಡಮ್ಮು ಒಂದು ಸೀನನ್ನೂ ಸೀನಿದರು. ಅದಕ್ಕೇನು ಅರ್ಥವೆಂದು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ಫಲಿತಾಂಶ ಬಂದಾಗ ಹಾಲಿನಲ್ಲಿದ್ದ ಮೂವತ್ತಮೂರು ಜನರಲ್ಲಿ ಪಾಸಾದವರು ಇಬ್ಬರು. ಅವರು ಮೇಷ್ಟ್ರ ಪಾಠಕ್ಕೆ ಸೇರಿ ಒಂದೇ ವಾರಕ್ಕೆ ಬಿಟ್ಟು ಹೋಗಿದ್ದವರು. ಎರಡು ಭಾಗದಲ್ಲೂ ಬೇರೆ ಬೇರೆ ಪಾಸಾಗಬೇಕಿತ್ತು; ಮಡಿಕೆ ಅಕ್ಕನಿಗೆ ಕೇಳುವ ಭಾಗದಲ್ಲಿ ಆರು ಅಂಕ ಕಡಿಮೆ. ಓದುವ ಭಾಗದಲ್ಲಿ ಒಂದೂ ಅಂಕ ಹೋಗಿರಲಿಲ್ಲ, ಏಕೆಂದರೆ ಪ್ಯಾರಾ ಅವಳ ಮುಂದೆ ಸುಮ್ಮನೆ ಕೂತಿತ್ತು, ಕೆಮ್ಮಿರಲಿಲ್ಲ. ಅಣ್ಣನ ಉಪದೇಶವನ್ನು ಅಷ್ಟರ ಮಟ್ಟಿಗೆ ಮರೆತು ಅದನ್ನು ಪೂರ್ತಿ ಓದಿಬಿಟ್ಟಿದ್ದಳು.

ಮೇಲ್ವಿಚಾರಕಿಯ ಜಾಗಕ್ಕೆ ಔಷಧಿ ಸ್ಟೋರಿನ ಗುಮಾಸ್ತನೊಬ್ಬ ಬಂದ. ಸರ್ಟಿಫಿಕೇಟು ಇತ್ತು. ದಿಂಬಿನ ಚೀಲಕ್ಕೂ ಹಾಸಿಗೆ ಬಟ್ಟೆಗೂ ವ್ಯತ್ಯಾಸ ತಿಳಿಯಲು ಅವನಿಗೆ ನಾಲ್ಕು ದಿನ ಬೇಕಾಯಿತು. ಐದನೇ ದಿನ ಹತ್ತಿರ ಬಂದು, “ಅಕ್ಕಾ, ಈ ಹಸಿರು ಬಟ್ಟೆ ಯಾವ ಯಂತ್ರಕ್ಕೆ ಹಾಕಿಸ್ಲಿ?” ಎಂದ. ಹೇಳಿಕೊಟ್ಟಳು. ಇಪ್ಪತ್ತೇಳು ವರ್ಷದ್ದನ್ನು ಇಪ್ಪತ್ತೇಳು ನಿಮಿಷದಲ್ಲಿ ಹೇಳಿಕೊಟ್ಟಳು. ಅವನು ಬರೆದುಕೊಂಡ. ಆಮೇಲೆ ಅದನ್ನೇ ಟೈಪು ಮಾಡಿಸಿ, ಕೆಳಗೆ ತನ್ನ ಸಹಿ ಹಾಕಿ, ಅವಳ ಮುಂದೆಯೇ ಗೋಡೆಗೆ ಅಂಟಿಸಿದ.

ಆ ಭಾನುವಾರ ಅಣ್ಣನ ಮನೆಯಲ್ಲಿ ಅತ್ತಿಗೆ ಕಪ್ಪು ಕೋಟನ್ನು ತಂದು ಕೊಟ್ಟಳು. “ವಾಸನೆ ಹೊಡೀತಿದೆ, ಒಂದು ಸ್ವಲ್ಪ ನೋಡೇ” ಎಂದಳು. ರೂಢಿಯಂತೆ ಮಡಿಕೆ ಅಕ್ಕ ಮೊದಲು ಜೇಬಿಗೆ ಕೈ ಹಾಕಿದಳು. ನಾಲ್ಕಾಗಿ ಮಡಚಿದ ಒಂದು ಕಾಗದ ಸಿಕ್ಕಿತು. ಮಡಿಕೆ ವಕ್ರವಾಗಿತ್ತು, ಅವಳಿಗೆ ಮೊದಲು ಕಂಡದ್ದು ಅದೇ. ಪರೀಕ್ಷಾ ಮಂಡಳಿಯ ಪತ್ರ, ಇಂಗ್ಲಿಷಿನಲ್ಲಿ. ಒಗೆಯುವ ಕಲ್ಲಿನ ಮೇಲೆ ಕೂತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಈ ವರ್ಷದಿಂದ ಕೇಳುವ ಭಾಗವನ್ನು ಯಾರೂ ಓದುವುದಿಲ್ಲ, ಧ್ವನಿಮುದ್ರಣ ಬರುತ್ತದೆ. ಇದುವರೆಗಿನ ತಮ್ಮ ಸೇವೆಗೆ ವಂದನೆಗಳು. ಮೇಲೆ ತಾರೀಕು ಇತ್ತು: ಪರೀಕ್ಷೆಗೆ ಇಪ್ಪತ್ತು ದಿನ ಮುಂಚಿನದು.

ಯಾರೂ ಅವಳಿಗೆ ಹತ್ತು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಹತ್ತಕ್ಕೆ ಹತ್ತು ಬರುತ್ತಿತ್ತು.

ಮೇಲೆ ಹೋದಳು. ಬೆಂಚುಗಳು ಖಾಲಿ. ಕೆಂಪು ಅಕ್ಷರದ ‘ಇಪ್ಪತ್ತೆರಡು’ ಹಾಗೇ ಇರಲಿ, ಇಪ್ಪತ್ಮೂರು ಮಾಡಿಸುವುದು ಬೇಡ ಎಂದು ಮೇಷ್ಟ್ರು ಪೇಂಟರನಿಗೆ ಫೋನಿನಲ್ಲಿ ಹೇಳುತ್ತಿದ್ದರು. ಕಾಗದ ಕಂಡು ಫೋನು ಕೆಳಗಿಟ್ಟರು.

“ಇಪ್ಪತ್ತು ದಿನ ಇತ್ತಲ್ಲೋ ಅಣ್ಣ” ಎಂದಳು. “ಇಪ್ಪತ್ತು ದಿನದಲ್ಲಿ ‘ಕೆಮ್ಮು ಮರೆತುಬಿಡಿ, ಕಿವಿ ತೆಗೀರಿ’ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ? ಅವರಿಗೆ ಬೇಡ. ನನಗೊಬ್ಬಳಿಗೆ?”

“ಹೇಳಿದ್ರೆ ಹುಡುಗರೆಲ್ಲ ಬಿಟ್ಟು ಹೋಗ್ತಿದ್ರು ಕಣೇ. ಇಪ್ಪತ್ತೆರಡು ವರ್ಷದ ಹೆಸರು.”

“ನಂದು ಇಪ್ಪತ್ತೇಳು.”

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಬೆಕ್ಕು ಕೂಡ ಬರುವುದನ್ನು ಬಿಟ್ಟಿತ್ತು. “ಮುಂದಿನ ವರ್ಷ ಕಟ್ಟು. ನಾನೂ ಒಂದು ಸ್ಪೀಕರ್ ತರಿಸ್ತೀನಿ, ದಿನಾ ಕೂರಿಸ್ತೀನಿ. ಆವತ್ತೂ ನಿನಗೆ ಅನ್ಯಾಯ ಆಗ್ಲಿ ಅಂತ ನಾನು...” ಎಂದವರೇ ಎದೆ ಹಿಡಿದುಕೊಂಡು ಕೆಮ್ಮಿದರು. ಸಣ್ಣ ಕೆಮ್ಮು. ಉತ್ತರಕ್ಕೆ ಮುಂಚೆ ಬರುವಂಥದ್ದು.

ಮಡಿಕೆ ಅಕ್ಕ ಕಾಗದವನ್ನು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ, ನೆಟ್ಟಗೆ ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟಳು.

“ನಿನ್ನ ಕೆಮ್ಮನ್ನ ಎರಡು ಸಲ ನಂಬಿದೆ ಅಣ್ಣ. ಮೂರನೇದು ನನಗೆ ಬೇಡ, ಡಾಕ್ಟರಿಗೆ ತೋರಿಸು. ನಮ್ಮ ಆಸ್ಪತ್ರೇಲಿ ಒಂಬತ್ತಕ್ಕೆ ಚೀಟಿ ಕೊಡ್ತಾರೆ. ಹಾಸಿಗೆ ಬೇಕಾದ್ರೆ ಬಟ್ಟೆ ನಾನೇ ಹಾಸಿ ಕೊಡ್ತೀನಿ.”