ಮುಖ ತಿರುಗಿಸದ ಸುತ್ತು

ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಅಂತ ಬರೆಸಿಕೊಂಡವನು ನಾನೇ ಮೊದಲು. ಸುಮ್ಮನೆ ಆದದ್ದಲ್ಲ. ಧಾರವಾಡದ ಧರ್ಮದ ಬೋರ್ಡಿಂಗಿನಲ್ಲಿ ನುಚ್ಚು ಉಂಡು, ಇದ್ದೊಂದು ಅಂಗಿಯನ್ನು ಒಗೆದೊಗೆದು ತೊಟ್ಟು ಓದಿದವನು. ಕರ್ನಾಟಕ ಒಂದಾಗುವ ಹಿಂದಿನ ವರ್ಷ ಪಾಸಾದೆ.

ಪಾಸಾದರೆ ಮಗನನ್ನು ಕರೆದುಕೊಂಡು ಗಜೇಂದ್ರಗಡದ ಗುಡ್ಡದ ನೆತ್ತಿ ಹಿಡಿದು ಒಂದು ಸುತ್ತು ಬರುತ್ತೇನೆಂದು ಅಪ್ಪ ಹರಕೆ ಹೊತ್ತಿದ್ದ. ಗುಡ್ಡದ ಕೆಳಗಿನ ಗುಡಿಯಿಂದ ಹೊರಟು ತಿರುಗಿ ಅಲ್ಲಿಗೇ ಮುಟ್ಟುವ ತನಕ ಬಂದ ದಾರಿಗೆ ಮುಖ ತಿರುಗಿಸಬಾರದು. ತಿರುಗಿಸಿದರೆ ಬೇಡಿ ಪಡೆದದ್ದು ಹೋಗುತ್ತದೆ. ಪಡೆದದ್ದು ಎಂದರೆ ನನ್ನ ಬಿ.ಎ.

ಬೆನ್ನಿಗೆ ಕಂಬಳಿ, ರೊಟ್ಟಿಗಂಟು, ನೀರು ಕಟ್ಟಿಕೊಂಡು ನಮ್ಮೂರು ಲಕ್ಕಲಕಟ್ಟಿಯಿಂದ ಬಂದು ಗುಡಿಯಲ್ಲಿ ಕಾಯಿ ಒಡೆದು ಗುಡ್ಡ ಏರಿದೆವು. ಮೇಲೆ ಮಂಜು ಮುಸುಕಿತು. ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಆದರೂ ಮುಂದೆ ಅವನೇ.

"ಚಲೋ ಆತು, ಮುಂದ ಒಬ್ಬಾಂವ ಹೊಂಟಾನ. ಅವನ ಹಿಂದ ಹೋದರಾತು."

ನನಗೆ ಯಾರೂ ಕಾಣಲಿಲ್ಲ. "ಎಲ್ಲಿ, ಯಪ್ಪಾ?"

"ಧಾರವಾಡದಾಗ ಕಣ್ಣ ಮಾರಕೊಂಡ ಬಂದಿ ಏನ? ಅಲ್ನೋಡ, ತಲಿಗೆ ಬಿಳಿ ರುಂಬಾಲ."

ದಾರಿ ಕವಲೊಡೆದಲ್ಲಿ ನಾನು ಮೇಲಿನದು ಹಿಡಿಯೋಣ ಎಂದೆ. "ಅಂವ ಕೆಳಗ ಹೋದ," ಎಂದು ಅಪ್ಪ ಕೆಳಗಿನದು ಹಿಡಿದ. ಅದು ಸಣ್ಣದಾಗುತ್ತ ಪಾದದಗಲವಾಯಿತು. ಬಲಕ್ಕೆ ಕೆಂಪು ಬಂಡೆ, ಎಡಕ್ಕೆ ಬರೀ ಮಂಜು. ಸೀಳಿನಲ್ಲಿ ಬೆರಳು ತೂರಿಸಿ, ಬಂಡೆಗೆ ಮೈ ಹಚ್ಚಿ ಸರಿದೆವು. ನನ್ನ ಕಾಲಿಗೆ ತಾಗಿದ ಹರಳುಗಲ್ಲೊಂದು ಉರುಳಿತು. ಬಿದ್ದ ಸಪ್ಪಳ ಕೇಳಲೇ ಇಲ್ಲ.

ಅಪ್ಪ ಮತ್ತೆ ಹೆಜ್ಜೆ ಎತ್ತಿದ. ಆ ಪಾದದ ಕೆಳಗೆ ದಾರಿ ಇರಲಿಲ್ಲ. ಧೋತರದ ಕಚ್ಚೆ ಹಿಡಿದು ಎಳೆದೆ.

"ದಾರಿ ಕುಸದೈತಿ, ಯಪ್ಪಾ! ತಿರುಗಿ ಹೋಗೂಣು."

"ಅಂವ ಹೊಂಟಾನಲ್ಲ! ತಿರುಗಿದರ ನಿನ್ನ ಬಿ.ಎ. ಹೋತು."

"ಹೋಗ್ಲಿ ಬಿಡ!"

"ನೀ ಬಿಡತಿ, ನಾ ಬಿಡೂದಿಲ್ಲ."

ಅವನ ಕಾಲು ಗಾಳಿಯಲ್ಲಿ ತಡಕಾಡುತ್ತಿತ್ತು. ಆಗ ನನಗೆ ಹೊಳೆಯಿತು. "ಮುಖ ತಿರುಗಿಸಬ್ಯಾಡ. ಮುಂದ ನೋಡಕೋತ ಹಿಂದಕ್ಕ ಸರಿ. ಹರಕಿ ಮುರಿಯೂದಿಲ್ಲ."

ಅಪ್ಪ ವಿಚಾರ ಮಾಡಿದ. "ಹೌದಲ್ಲೋ. ಓದಿಸಿದ್ದಕ್ಕ ಇಷ್ಟರ ಆತು."

ಕಾಲಬೆರಳಿಂದ ಹಿಂದೆ ತಡವುತ್ತ, ನೆಲ ಸಿಕ್ಕ ಮೇಲೆ ಭಾರ ಬಿಡುತ್ತ ಸರಿದೆವು. ಮುಖ ಮಂಜಿನ ಕಡೆಗೇ.

"ತಮ್ಮಾ," ಅಪ್ಪ ಮೆಲ್ಲಗೆ ಅಂದ, "ಅಂವನೂ ಹಂಗ ಹಿಂದಕ್ಕ ಸರಿಯಾಕ ಹತ್ಯಾನ. ಬೆನ್ನ ನಮ್ಮ ಕಡೆ ಐತಿ. ಸಮೀಪ ಬಂದ."

ಕವಲಿಗೆ ಮುಟ್ಟಿದ್ದೇ ತಡ, ಮೇಲಿನ ದಾರಿಗೆ ಅಪ್ಪನನ್ನು ನೂಕಿದೆ.

ಸಂಜೆ ಸುತ್ತು ಮುಗಿಯಿತು. ಗುಡಿಯ ಪಾವಟಿಗೆಯ ಮೇಲೆ ಕೂತು ಅಪ್ಪ ಗಂಟು ಬಿಚ್ಚಿ, ರೊಟ್ಟಿ ಮುರಿದು ಒಂದು ಪಾಲು ಕಲ್ಲಿನ ಮೇಲೆ ಇಟ್ಟ.

"ಯಾರಿಗ?"

"ಅಂವಗ. ಎಂದಿನಿಂದ ತಿರುಗತಾನೋ ಏನೋ, ಅವನ ಸುತ್ತ ಇನ್ನ ಮುಗದಿಲ್ಲ."

ಕಲಿತವನು ನಾನು, ನಗಬೇಕಾಗಿತ್ತು. ಆದರೆ ಹಿಂದಕ್ಕೆ ಸರಿಯುವಾಗ, ದಾರಿಯೇ ಇಲ್ಲದ ಆ ಜಾಗದಿಂದ ಹರಳು ಜರುಗುವ ಸಪ್ಪಳ ನಮ್ಮ ಕಡೆಗೆ ಬರುತ್ತಿದ್ದುದನ್ನು ನಾನೂ ಕೇಳಿದ್ದೆ. ಗಂಟಿನಿಂದ ಶೇಂಗಾ ಚಟ್ನಿ ತೆಗೆದು ಆ ರೊಟ್ಟಿಯ ಮೇಲೆ ಹಾಕಿದೆ.