ನನಗೆ ಸ್ಕಾಟಿಷ್ ಎಂದು ಹೆಸರಿಟ್ಟವನು

ಹೊಸೂರಿನ ಕಾರ್ಖಾನೆಯಲ್ಲಿ ನನ್ನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ನಾನು ಸ್ಕಾಟಿಷ್. ತಮಿಳರಿಗೆ ಸ್ಕಾಟಿಷ್ ಅಣ್ಣೇ, ತೆಲುಗರಿಗೆ ಸ್ಕಾಟಿಷ್ ಅನ್ನಾ. ಹೆಸರಿಟ್ಟವನು ನನ್ನ ಪಕ್ಕದ ಯಂತ್ರದಲ್ಲಿದ್ದ ಗೆಳೆಯ. ಕೆಲಮಂಗಲದಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಶಿಫ್ಟಿಗೆ ಬರುತ್ತಿದ್ದೆವು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೆದುರು, “ಏಯ್ ಸ್ಕಾಟಿಷ್, ಬಾರ್ಲಾ ಇಲ್ಲಿ” ಎಂದು ಕೂಗಿದ. ಎಲ್ಲರೂ ನಕ್ಕರು.

ಊರಿನ ಅರ್ಧ ಜನಕ್ಕೆ ಅಡ್ಡಹೆಸರಿಟ್ಟವನು ನಾನು. ನನಗೇ ಒಬ್ಬ ಹೆಸರಿಟ್ಟರೆ ಅದರ ಅರ್ಥ ಕೇಳಿ ಮರ್ಯಾದೆ ಕಳೆದುಕೊಳ್ಳುವುದುಂಟೆ? ಗೊತ್ತಿದ್ದವನಂತೆ ಮುಖ ಎತ್ತಿ, “ನೋಡ್ರಲಾ, ದೊರೆ ಮೂಗು! ಅದಕ್ಕೇ ಹಂಗಂದವ್ನೆ” ಎಂದೆ. ನನ್ನ ಕೆಲಸ ಮೆಚ್ಚಿ ವಿದೇಶದ ಇಂಜಿನಿಯರ್ ಕೊಟ್ಟ ಬಿರುದು ಅದು ಎಂದು ಕಂಡಕ್ಟರನಿಗೆ ಹೇಳಿದೆ. ಹಾಗೆಂದರೆ ಮಹಾಶೂರ ಎಂದು ಹೆಂಡತಿಗೆ ಹೇಳಿದೆ, ಅವಳೊಬ್ಬಳು ನಂಬಲಿಲ್ಲ. ಗೆಳೆಯ ಎಲ್ಲವನ್ನೂ ಕೇಳಿಸಿಕೊಂಡು ಮೀಸೆಯಲ್ಲೇ ನಗುತ್ತಿದ್ದ.

ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಈಚೆಗೆ ಸೊಸೆಯ ಮುಂದೆಯೂ ಅದೇ ಜಂಬ ಕೊಚ್ಚಿದೆ. ಅವಳು ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವಳು.

“ಸುಮ್ನಿರಿ ಮಾವ, ಅದು ಸ್ಕಾಟ್ಲೆಂಡಿನ ಜನ ತಾವೇ ಇಟ್ಕಂಡ ಹೆಸ್ರೂ ಅಲ್ಲ. ಐರ್ಲೆಂಡಿಂದ ದೋಣೀಲಿ ಬಂದು ಲೂಟಿ ಮಾಡ್ತಿದ್ದವ್ರನ್ನ ರೋಮಿನವ್ರು ಸ್ಕಾಟಿ ಅಂತಿದ್ರು. ಆ ಜನದಲ್ಲಿ ಕೆಲವ್ರು ಬ್ರಿಟನ್ನಿನ ಉತ್ತರಕ್ಕೆ ಬಂದು ನೆಲೆ ನಿಂತ್ರು. ಆಮೇಲೆ ಆ ಸೀಮೇನೇ ಸ್ಕಾಟ್ಲೆಂಡ್ ಆಯ್ತು, ಅಲ್ಲಿಯವ್ರೆಲ್ಲ ಸ್ಕಾಟಿಷ್ ಆದ್ರು.”

“ಆ ಸ್ಕಾಟಿ ಅಂದ್ರೆ ಏನವ್ವಾ?”

“ಸರ್ಯಾಗಿ ಯಾರ್ಗೂ ಗೊತ್ತಿಲ್ಲ. ಇಟ್ಟವ್ರು ಹೋಗ್ಬುಟ್ರು, ಯಾರ್ನ ಕೇಳಾದು?”

ಲೂಟಿ ಎಂದೊಡನೆ ನನಗೆ ಗೆಳೆಯನ ಬುತ್ತಿಯ ಮಾವಿನ ಉಪ್ಪಿನಕಾಯಿ ನೆನಪಾಯಿತು. ಅವನು ಕೈ ತೊಳೆದು ಬರುವಷ್ಟರಲ್ಲಿ ಅದನ್ನು ಖಾಲಿ ಮಾಡುವುದರಲ್ಲಿ ಇಡೀ ಕಾರ್ಖಾನೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅದಕ್ಕೇ ಇಟ್ಟನೇ? ಅವನಿಗೆ ಇದೆಲ್ಲ ತಿಳಿದಿತ್ತೇ? ಇಲ್ಲಾ ಕಾರ್ಖಾನೆಗೆ ಬಂದ ಯಾವುದೋ ಪೆಟ್ಟಿಗೆಯ ಮೇಲೆ ಓದಿದ ಮಾತನ್ನು ನನ್ನ ಮೇಲೆ ಎಸೆದನೇ? ಹೇಳಬೇಕಾದವನು ಇನ್ನೂ ಇದ್ದ. ಆದರೆ ಲಕ್ವ ಹೊಡೆದು ಅವನ ಮಾತು ಬಿದ್ದುಹೋಗಿತ್ತು.

ಆದರೂ ಮರುದಿನ ಅವಲಪಲ್ಲಿಗೆ ಹೋದೆ. ಅವನು ಅಲ್ಲಿ ಮಗಳ ಮನೆಯಲ್ಲಿದ್ದ.

“ಲೋ, ಈಗಾದ್ರೂ ಹೇಳ್ಲಾ. ಯಾಕ್ಲಾ ನನ್ನ ಸ್ಕಾಟಿಷ್ ಅಂದೆ? ಉಪ್ಪಿನಕಾಯಿ ಕದ್ದಿದ್ಕಾ?”

ಅವನ ಅರ್ಧ ಮುಖ ನಕ್ಕಿತು. ತುಟಿ ಅಲುಗಿ ‘ಸ್’ ಎಂಬಲ್ಲೇ ನಿಂತಿತು. ಮತ್ತೆ ಪ್ರಯತ್ನಿಸಿದ. ಕಣ್ಣು ತುಂಬಿಕೊಂಡವು. ನೋಡಲಾಗದೆ, “ಬುಡ್ಲಾ, ನಂಗೊತ್ತು” ಎಂದೆ. ಮತ್ತದೇ ಸುಳ್ಳು.

ಮಗಳು ಇಬ್ಬರಿಗೂ ತಟ್ಟೆ ಇಟ್ಟು ಬಡಿಸಿದಳು. ಅವನು ಎಡಗೈಯನ್ನು ನಿಧಾನವಾಗಿ ಎಳೆದು ತಂದು ತನ್ನ ತಟ್ಟೆಯ ಉಪ್ಪಿನಕಾಯಿಯ ಮೇಲೆ ಮುಚ್ಚಿದ. ಅದು ನನಗೆ ಕೊಟ್ಟ ಉತ್ತರವೋ, ನನ್ನಿಂದ ಉಪ್ಪಿನಕಾಯಿ ಕಾಪಾಡಿಕೊಳ್ಳುವ ಹಳೆಯ ಅಭ್ಯಾಸವೋ? ನಾನು ಮುದ್ದೆ ಮುರಿದೆ.