ವೈನಿ ಕದ್ದು ತಿಂದಿರಲಿಲ್ಲ

ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದ್ದು ಅಣ್ಣನ ಹೆಂಡತಿ, ನನ್ನ ವೈನಿ. ಆಕೆಗೆ ಮೊಣಕಾಲು ನೋವು ಜೋರಾದಾಗ ಮೂಡಲಗಿಯಿಂದ ನಾನಿರುವ ಗೋಕಾಕಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆ.

"ತೂಕ ಇಳಸ್ರಿ. ಎಣ್ಣಿ, ತುಪ್ಪ, ಶೇಂಗಾ ಎಲ್ಲಾ ಬಂದ್," ಎಂದರು ಅವರು. ಆಸ್ಪತ್ರೆಯ ಗೋಡೆಯ ಫಲಕವೂ ಅದನ್ನೇ ದಪ್ಪ ಅಕ್ಷರದಲ್ಲಿ ಹೇಳುತ್ತಿತ್ತು. ಸಕ್ಕರೆಯ ಬಗ್ಗೆ 'ಮಿತವಾಗಿರಲಿ' ಎಂದಷ್ಟೇ ಕೆಳಗೆ ಸಣ್ಣಗೆ ಬರೆದಿತ್ತು. ನಾನು ಸಾಲಿ ಮಾಸ್ತರ. ಅಚ್ಚಾದ ಮಾತನ್ನು ಪ್ರಶ್ನಿಸಿ ಗೊತ್ತಿಲ್ಲ.

ಅಂದಿನಿಂದ ವೈನಿಗೆ ನಾನೇ ಕಾವಲುಗಾರ. ಮೂಡಲಗಿಗೆ ಹೋದಾಗಲೆಲ್ಲ ಅಡುಗೆಮನೆಯ ಡಬ್ಬಿಗಳನ್ನು ತೆಗೆದು ನೋಡುತ್ತಿದ್ದೆ. ಹಸಿವಾದರೆ ಇರಲಿ ಎಂದು ಬಿಸ್ಕೀಟು ಒಯ್ದು ಕೊಡುತ್ತಿದ್ದೆ. ಬೆಲ್ಲದ ಬಾಗೇವಾಡಿ ಊರಿನ ಒಂದು ಮದುವೆಯಲ್ಲಿ ಆಕೆಯ ಹೋಳಿಗೆಗೆ ತುಪ್ಪ ಹಾಕಲು ಬಂದವನ ಕೈಯನ್ನು ಪಂಕ್ತಿಯ ನಡುವೆಯೇ ತಡೆದೆ.

"ಅವರಿಗೆ ಹಾಕಬ್ಯಾಡ್ರಿ. ಈಗ ಎಷ್ಟ್ ದಪ್ಪ ಆಗ್ಯಾರ ನೋಡ್ರಿ!"

ಸುತ್ತಲಿನವರು ನಕ್ಕರು. ವೈನಿಯೂ ನಕ್ಕು ತಲೆ ತಗ್ಗಿಸಿದರು.

ಕೆಲವು ತಿಂಗಳ ನಂತರ ಮತ್ತೆ ಗೋಕಾಕಕ್ಕೆ ಬಂದಾಗ ತೂಕ ಏರಿತ್ತು, ರಕ್ತ ಪರೀಕ್ಷೆಯಲ್ಲಿ ಶುಗರ್ ಕೂಡ ಕಾಣಿಸಿಕೊಂಡಿತ್ತು. "ಪಥ್ಯಾ ಮಾಡೇ ಇಲ್ಲ ನೀವು," ಎಂದು ಡಾಕ್ಟರು ಗದರಿದರು. ವೈನಿ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ, "ಕದ್ದು ತಿಂತಾರ ಅನಸ್ತೈತ್ರಿ."

ಮೂಡಲಗಿಗೆ ವಾಪಸ್ ಹೋಗುವ ಬಸ್ಸು ಅರಭಾವಿ ದಾಟಿತು. ವೈನಿ ಕಿಟಕಿಯಾಚೆಯ ಕಬ್ಬಿನ ಹೊಲ ನೋಡುತ್ತಲೇ ಅಂದರು, "ಖರೇನ ನಾ ಏನೂ ಕದ್ದು ತಿಂದಿಲ್ಲಪಾ. ನೀನೂ ಹಂಗ ಅಂದ್ರ ನಾ ಯಾರ ಮುಂದ ಹೇಳಲಿ?"

ಬಸ್ಸಿಳಿದ ಮೇಲೆ ಬೇರೆ ಡಾಕ್ಟರು ಯಾರಿದ್ದಾರೆಂದು ವಿಚಾರಿಸಿದೆ.

ಮುಂದಿನ ವಾರ ಹುಕ್ಕೇರಿಯ ಒಬ್ಬ ವಯಸ್ಸಾದ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅವರು ತೂಕಕ್ಕಿಂತ ಮೊದಲು ಕೇಳಿದ್ದು, "ಮುಂಜಾನಿಂದ ಸಂಜೀತನ ಏನ್ ತಿಂತೀರಿ? ಹೇಳ್ರಿ."

ಅದನ್ನು ಆಕೆಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ವೈನಿ ನಾಚುತ್ತ ಹೇಳಿದರು: ಒಣ ರೊಟ್ಟಿ, ನೀರು ಸಾರು. ಹೊಟ್ಟೆ ತುಂಬುವುದಿಲ್ಲ. ತಾಸಿಗೊಮ್ಮೆ ಹಸಿವು. ಹಸಿದಾಗಲೆಲ್ಲ ಸಕ್ಕರೆ ಹಾಕಿದ ಚಹಾ, ಬಿಸ್ಕೀಟು.

"ಬಿಸ್ಕೀಟ್ ಯಾರ್ ತರ್ತಾರ?"

ವೈನಿ ನನ್ನ ಕಡೆ ನೋಡಲಿಲ್ಲ. "ಮನ್ಯಾಗ ಇರ್ತಾವ್ರಿ," ಎಂದರು.

ನಾನೇ ತರುವುದೆಂದು ನಾನು ಹೇಳಬೇಕಾಯಿತು.

"ಮೊದ್ಲ ಸಕ್ಕರಿ, ಬಿಸ್ಕೀಟ್ ಬಿಡ್ರಿ. ಪಲ್ಲೆ, ಬ್ಯಾಳಿ, ಮಸರು ಹೊಟ್ಟಿತುಂಬ ತಿನ್ರಿ. ರೊಟ್ಟಿಗೆ ಒಂದ್ ಚಮಚಾ ತುಪ್ಪಕ್ಕ, ಶೇಂಗಾ ಚಟ್ನಿಗೆ ಇಷ್ಟ್ ಅಂಜಬ್ಯಾಡ್ರಿ," ಎಂದು ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟರು.

ಪವಾಡವೇನೂ ಆಗಲಿಲ್ಲ. ಶುಗರ್ ಹತೋಟಿಗೆ ಬಂತು, ತೂಕ ಸ್ವಲ್ಪ ಇಳಿಯಿತು, ಮೊಣಕಾಲು ಈಗಲೂ ನೋಯುತ್ತದೆ. ಆ ಫಲಕ ಪೂರ್ತಿ ಸುಳ್ಳೆಂದು ಹೇಳುವಷ್ಟು ನಾನು ತಿಳಿದವನಲ್ಲ. ಆದರೆ ಅದನ್ನು ನಂಬಿದಷ್ಟು ಸುಲಭವಾಗಿ ವೈನಿಯ ಮಾತನ್ನು ನಾನೇಕೆ ನಂಬಲಿಲ್ಲ?

ಕ್ಷಮೆ ಕೇಳಿದೆ. "ಹೋಗ್ಲಿ ಬಿಡಪಾ, ನನ್ನ ಚಲೋದಕ್ಕ ಅಂದಿ," ಎಂದರು. ಆದರೂ ನನ್ನೊಡನೆ ಊಟಕ್ಕೆ ಕೂತಾಗ ಶೇಂಗಾ ಚಟ್ನಿಯ ಕಡೆ ಹೋದ ಕೈಯನ್ನು ಇವತ್ತಿಗೂ ಒಂದು ಗಳಿಗೆ ನಿಲ್ಲಿಸುತ್ತಾರೆ.

"ತಿನ್ನಲೇನಪಾ?" ಎಂದು ನನ್ನನ್ನು ಕೇಳುತ್ತಾರೆ.